ಕರ್ಪೂರ ಹಾಕದ ಕೊಬ್ಬರಿ ಉಂಡೆ

ಶ್ರೀ ದುರ್ಗಾ ಸಹಾಯ

ಗೋಸಾಬಾ, ದೋಣಿಕಟ್ಟೆ
ಮಾಘ ೬, ಶುಕ್ರವಾರ ಸಂಜೆ

ಪ್ರೀತಿಯ ಟುಕುವಿನ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಗಿದೆಯೇ? ಆಸನ್ಸೋಲಿನ ಕಲ್ಲಿದ್ದಲ ಹೊಗೆಗೆ ನಿನ್ನ ಕೆಮ್ಮು ಮತ್ತೆ ಎದ್ದು ಕೂತಿಲ್ಲ ತಾನೆ? ಬಿಸಿನೀರಿಗೆ ತುಳಸಿ ಹಾಕಿ ಕುಡಿ, ಊರಿಗೆಲ್ಲ ಔಷಧ ಹೇಳುವ ನೀನು ನಿನ್ನ ಗಂಟಲಿಗೆ ಮಾತ್ರ ಏನೂ ಹೇಳುವುದಿಲ್ಲ. ಟುಕು ಎದ್ದು ಓಡಾಡುತ್ತಿದ್ದಾಳೆಯೇ? ಬಾಣಂತಿ ತಣ್ಣೀರು ಮುಟ್ಟದ ಹಾಗೆ ನೋಡಿಕೋ, ಅವಳು ನನ್ನ ಮಗಳು, ಕಣ್ಣು ತಪ್ಪಿಸಿ ಮುಟ್ಟುತ್ತಾಳೆ. ಮೊಮ್ಮಗನಿಗೆ ಹೆಸರಿಟ್ಟಾಯಿತೇ ಅಥವಾ ಅಳಿಯನ ಮನೆಯವರು ಇನ್ನೂ ಪಂಚಾಂಗ ತಿರುವುತ್ತಿದ್ದಾರೆಯೇ? ಎತ್ತಿಕೊಂಡವರ ಮಡಿಲ ಮೇಲೆಲ್ಲ ಮಳೆಗರೆಯುತ್ತಾನೆ ಎಂದು ಟುಕು ಬರೆದಿದ್ದಳು. ಅಂಥವನಿಗೆ ಜಲಧರ ಎನ್ನುವುದಕ್ಕಿಂತ ಒಳ್ಳೆಯ ಹೆಸರು ಯಾವ ಪಂಚಾಂಗದಲ್ಲಿದೆ? ಅವರು ಒಪ್ಪುವವರೆಗೆ ನಾನು ಹಾಗೆಯೇ ಕರೆಯುತ್ತೇನೆ.

ಇಷ್ಟು ಹೊತ್ತಿಗೆ ನೀನು ಓದುವುದನ್ನು ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು, ಕಾಗದದ ನೆತ್ತಿಗೆ ಹೋಗಿ ಊರಿನ ಹೆಸರನ್ನು ಮತ್ತೊಮ್ಮೆ ನೋಡಿರುತ್ತೀಯ. ಹೌದು, ಗೋಸಾಬಾ. ಕೈತಪ್ಪಿ ಬರೆದದ್ದಲ್ಲ, ತಮಾಷೆಗೆ ಬರೆದದ್ದೂ ಅಲ್ಲ. ಮಗು ತೊಡೆಯ ಮೇಲಿದ್ದರೆ ತೊಟ್ಟಿಲಿಗೆ ಹಾಕು. ಕೈಯಲ್ಲಿ ಸೌಟಿದ್ದರೆ ಕೆಳಗಿಡು, ನಾನು ಅಲ್ಲಿಲ್ಲ, ಬೀಸಿದರೆ ಅಳಿಯನಿಗೆ ತಗುಲುತ್ತದೆ. ಪೂಜೆಯ ನವಮಿಯ ದಿನ ದೇವಿಯ ಮುಂದೆ ನಿಲ್ಲಿಸಿ ನೀನು ನನ್ನಿಂದ ಏನು ಮಾತು ತೆಗೆದುಕೊಂಡೆ ಎನ್ನುವುದು ನೆನಪಿದೆ. "ನಿಮ್ಮ ಕಾಡು ತೋರ್ಸೋ ಚಟಕ್ಕೆ ನನ್ನ ತಲೆ ಅರ್ಧ ಬೋಳಾಯ್ತು. ಇನ್ನರ್ಧನಾದ್ರೂ ನಂಗೆ ಬಿಟ್ಟುಕೊಡಿ" ಎಂದಿದ್ದೆ. ಬಿಟ್ಟುಕೊಟ್ಟೆ ಎಂದು ನಾನು ತಲೆಯಾಡಿಸಿದ್ದೆ. ಅಂಥವನು ನಾಳೆ ಮಧ್ಯಾಹ್ನ ನೀರು ಏರಿದ ಮೇಲೆ ಕಾಸಿಂನ ಲಾಂಚು ಹತ್ತಿ ಮೂರು ದಿನ ಕಾಡಿನೊಳಗೆ ಹೋಗುತ್ತಿದ್ದೇನೆ. ಅದೂ ಇವತ್ತಿನವರೆಗೆ ನಿನಗೆ ತಿಳಿಸದೆ.

ಆದದ್ದು ಇಷ್ಟೇ. ನೀನು ರೈಲು ಹತ್ತಿದ ಎರಡು ದಿನಕ್ಕೆ ನಮ್ಮ ಟೂರಿನ ಶಿಬು ಬಾಬು ಮಡಕೆ ತುಂಬ ರಸಗುಲ್ಲಾ ಹಿಡಿದುಕೊಂಡು ಬಾಗಿಲಿಗೆ ಬಂದ. ಕಣ್ಣಿನ ತುಂಬವೂ ಪಾಕವೇ. "ದಾದಾ, ವಿಲಾಯತಿಯಿಂದ ಎಂಟು ಜನ ಬಂದು ಇಳಿದಿದ್ದಾರೆ. ನಮ್ಮ ಗೈಡು ಹುಡುಗನಿಗೆ ಮಂಗನಬಾವು. ಎರಡು ಕೆನ್ನೆನೂ ಹಲಸಿನಹಣ್ಣಾಗಿದೆ. ಹೋಟೆಲಿಗೆ ಕಳಿಸಿದ್ರೆ ಅವನ್ನೇ ಕಾಡುಪ್ರಾಣಿ ಅಂತ ಫೋಟೋ ತೆಗೀತಾರೆ. ನೀವೊಬ್ರು ಬಂದ್ರೆ ನನ್ನ ಮಾನ ಉಳಿಯತ್ತೆ" ಎಂದ. ನಾನು ಬಹಳ ಹೊತ್ತು ಯೋಚಿಸಿದೆ. ಮೊದಲ ರಸಗುಲ್ಲಾ ಬಾಯಿಗಿಟ್ಟು ನುಂಗುವವರೆಗೆ ಯೋಚಿಸಿದೆ. ಆಮೇಲೆ ಟೋಪಿ ಎಲ್ಲಿದೆ ಎಂದು ಹುಡುಕತೊಡಗಿದೆ. ನಿನ್ನ ಮಾತು ಮರೆತಿರಲಿಲ್ಲ. ಆದರೆ ಮನೆಯಲ್ಲಿ ನೀನಿಲ್ಲದೆ ನಾನೂ ಗೋಡೆಯ ಗಡಿಯಾರವೂ ಎದುರುಬದುರು ಕೂತು ಒಬ್ಬರನ್ನೊಬ್ಬರು ನೋಡುತ್ತಿದ್ದೆವು, ಅದಕ್ಕಾದರೂ ಟಿಕ್ ಟಿಕ್ ಎನ್ನುವ ಕೆಲಸವಿತ್ತು. ಕಾಡಿಗೆ ಹೋಗಿ ಬಂದು ಹೇಳಿದರಾಯಿತು, ಎದುರಿಗೆ ಗಂಡ ನಿಂತಿದ್ದರೆ ಬೈಗುಳ ಅರ್ಧ ಆಗುತ್ತದೆ ಎಂದು ಲೆಕ್ಕ ಹಾಕಿದ್ದೆ.

ಟೂರು ಎಂದಿನ ಹಾಗೆಯೇ. ಮೂರು ದಿನ ಕಲ್ಕತ್ತಾ, ಮೂರು ದಿನ ಕಾಡು. ಮೊದಲು ಸತ್ತ ಸಾಹೇಬರು, ಆಮೇಲೆ ಬದುಕಿರುವ ಹಳದಿ ಪಟ್ಟೆಯ ಮಾಮಾ. (ಇಲ್ಲಿ ಕೂತು ಅವನ ಹೆಸರು ಬರೆಯುವುದಿಲ್ಲ, ನಿನಗೆ ಗೊತ್ತು. ಈ ಊರಿನಲ್ಲಿ ಕೆಸರಿಗೆ ಬರವಿಲ್ಲ, ಅವನ ಹೆಸರಿಗೆ ಮಾತ್ರ ಜಾಗವಿಲ್ಲ. ಮದುವೆಯಾದಾಗಿನಿಂದ ನಿನ್ನ ಹೆಸರನ್ನೂ ನಾನು ಬಾಯಿಬಿಟ್ಟು ಹೇಳಿದವನಲ್ಲ. ಎರಡಕ್ಕೂ ಕಾರಣ ಒಂದೇ ಎಂದು ನಿನ್ನ ಅಣ್ಣ ನಗುತ್ತಿದ್ದ.) ಎಂಟು ಜನರೂ ಒಳ್ಳೆಯವರು. ಬಿಸಿಲಿಗೆ ಬೆಂದು ಎರಡನೇ ದಿನಕ್ಕೆ ಸೀಗಡಿಯ ಬಣ್ಣಕ್ಕೆ ತಿರುಗಿದರು. ಡಾಲ್‌ಹೌಸಿಯ ಕೆಂಪು ಸರ್ಕಾರಿ ಕಚೇರಿಯ ಮುಂದೆ ನಿಲ್ಲಿಸಿ, "ನಿಮ್ಮ ಅಜ್ಜಂದಿರು ಇಲ್ಲಿ ಕೂತು ನಮ್ಮ ಮೇಲೆ ಕಾಗದ ಬರೀತಿದ್ರು. ಈಗ ನಮ್ಮವರು ಕೂತು ಅದಕ್ಕೆ ಉತ್ತರ ಬರೀತಿದಾರೆ, ಇನ್ನೂ ಮುಗಿದಿಲ್ಲ" ಎಂದೆ. ವಿಕ್ಟೋರಿಯಾದ ಗುಮ್ಮಟದ ಮೇಲೆ ಗಾಳಿಗೆ ತಿರುಗುವ ಕರಿಯ ದೇವಕನ್ಯೆ ಇದ್ದಾಳಲ್ಲ, ಯಾರು ಚಹಾ ಚೆನ್ನಾಗಿಲ್ಲ ಅಂತಾರೋ ಅವರ ಕಡೆ ಬೆನ್ನು ತಿರುಗಿಸುತ್ತಾಳೆ ಎಂದು ಹೇಳಿದೆ. ಪಾಪ, ಎಲ್ಲರೂ ಮಣ್ಣಿನ ಕುಡಿಕೆಯಲ್ಲಿ ಎರಡೆರಡು ಸಲ ಕುಡಿದು ಹೊಗಳಿದರು. ಚಹಾದವನು ಖುಷಿಯಾಗಿ ನನಗೆ ಬಿಸ್ಕತ್ತು ಕೊಟ್ಟ.

ಅವರಲ್ಲಿ ಒಬ್ಬಾಕೆ ಮಿಸ್ ಥ್ರೇಲ್. ಮದುವೆಯಾಗದ ಮುದುಕಿ, ಯಾವುದೋ ಊರಿನಲ್ಲಿ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟು ನಿವೃತ್ತಳಾದವಳು. ಇದ್ದಿಲಿನಷ್ಟು ಸಪೂರ, ಒಳಗೆ ಕೆಂಡ. ಪಾರ್ಕ್ ಸ್ಟ್ರೀಟಿನ ಹಳೆಯ ಸ್ಮಶಾನಕ್ಕೆ, ಅಂದರೆ ಗೋರಾಗಳ ಗೋರಿಗಳಿಗೆ, ಕರೆದುಕೊಂಡು ಹೋದಾಗ ನಾನು ಎಂದಿನ ಆಟ ಹೂಡಿದೆ. ಅವರೆಲ್ಲ ಶಾಸನ ಓದುತ್ತಿರುವಾಗ ಮೆಲ್ಲಗೆ ಜಾರಿ, ಪಾಚಿ ಹಿಡಿದ ಒಂದು ಎತ್ತರದ ಗೋರಿಯ ಹಿಂದೆ ಕೂತು, ಪಾತಾಳದಿಂದ ಬಂದ ಹಾಗೆ ದನಿ ತೆಗೆದು, "ಚಹಾದ ಹೊತ್ತಾಯ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಒಬ್ಬ ಸಾಹೇಬ ಕ್ಯಾಮೆರಾ ಬಿಟ್ಟ. ಅವನ ಹೆಂಡತಿ ಅವನನ್ನು ಬಿಟ್ಟು ಓಡಿದಳು. ಮಿಸ್ ಥ್ರೇಲ್ ಮಾತ್ರ ತಲೆಯೆತ್ತದೆ, "ಇನ್ನೂ ಹತ್ತು ನಿಮಿಷ ಇದೆ ಕಂದಾ, ಮಲ್ಕೋ" ಎಂದಳು. ಇಷ್ಟು ವರ್ಷದಲ್ಲಿ ಆ ಪ್ರಶ್ನೆಗೆ ಉತ್ತರ ಬಂದದ್ದು ಅದೇ ಮೊದಲು. ಗೋರಿಯ ಹಿಂದೆ ಕೂತಿದ್ದವನೇ ಬೆಚ್ಚಿಬಿದ್ದೆ.

ಅಲ್ಲಿಂದ ನನಗೂ ಅವಳಿಗೂ ಯುದ್ಧ. ಮರುದಿನ ಬೆಳಿಗ್ಗೆ ಕಚೋರಿ ತಿನ್ನುವಾಗ ನನ್ನ ಹಲ್ಲಿನ ಸೆಟ್ಟು ತೆಗೆದು ಅವಳ ತಟ್ಟೆಯ ಅಂಚಿನಲ್ಲಿ ಇಟ್ಟೆ. ಅವಳು ಕಿರುಚಲಿಲ್ಲ, ಅದಕ್ಕೊಂದು ಕಚೋರಿಯ ಚೂರು ತಿನ್ನಿಸಿ, ಕರವಸ್ತ್ರದಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಳು. ಮಧ್ಯಾಹ್ನದವರೆಗೆ ನಾನು ಕಲ್ಕತ್ತಾದ ಇತಿಹಾಸವನ್ನೆಲ್ಲ ಹಲ್ಲಿಲ್ಲದ ಬಾಯಲ್ಲಿ ಹೇಳಬೇಕಾಯಿತು. ಅವರಿಗೆ ವಾರನ್ ಹೇಸ್ಟಿಂಗ್ಸ್ ಯಾರು, ರಾಬರ್ಟ್ ಕ್ಲೈವ್ ಯಾರು ಒಂದೂ ಗೊತ್ತಾಗಲಿಲ್ಲ. ಎಲ್ಲರೂ ಫುಸ್ಸು ಫುಸ್ಸು ಎಂದೇ ಕೇಳಿಸಿತಂತೆ. ನಾನು ಹೇಳುವುದೆಲ್ಲ ದಂತಕಥೆ ಎಂದು ನೀನು ಹಂಗಿಸುತ್ತಿದ್ದೆಯಲ್ಲ, ದಂತವಿಲ್ಲದೆ ಕಥೆಯೂ ಇಲ್ಲ ಎನ್ನುವುದು ಅವತ್ತು ಸಾಬೀತಾಯಿತು. ನೀನಿದ್ದಿದ್ದರೆ ಆ ಮುದುಕಿಯ ಪಕ್ಷ ಸೇರಿಬಿಡುತ್ತಿದ್ದೆ.

ಇವತ್ತು ಬೆಳಿಗ್ಗೆ ಬಸ್ಸು ಕಲ್ಕತ್ತಾ ಬಿಟ್ಟಿತು. ಊರು ಮುಗಿದು ಮೀನುಕೆರೆಗಳು ಶುರುವಾದ ಮೇಲೆ ನೋಡುವುದಕ್ಕೆ ಏನೂ ಇರುವುದಿಲ್ಲ, ಜನ ತೂಕಡಿಸುತ್ತಾರೆ. ಅಲ್ಲಿ ನಾನು ಯಾವಾಗಲೂ ನಿನ್ನ ಕಥೆ ಹೇಳುತ್ತೇನೆ. ಕೋಪ ಮಾಡಿಕೊಳ್ಳಬೇಡ, ನಿನ್ನ ಕಥೆ ಕೇಳಿ ಎಷ್ಟೋ ದೇಶದವರು ನಿದ್ದೆಯಿಂದ ಎದ್ದಿದ್ದಾರೆ. ನನ್ನ ಹೆಂಡತಿ ಕಾಡಂಚಿನವಳು, ಅವಳಪ್ಪ ಜೇನು ಕೀಳಲು ಹೋಗುತ್ತಿದ್ದ, ಗಂಡಸರು ಕಾಡಿನಲ್ಲಿರುವಷ್ಟು ದಿನ ಮನೆಯ ಹೆಂಗಸರು ತಲೆಗೆ ಎಣ್ಣೆ ಮುಟ್ಟಿಸುವುದಿಲ್ಲ, ಬಾಚುವುದಿಲ್ಲ, ಒಣಮೆಣಸಿನಕಾಯಿ ಹುರಿಯುವುದಿಲ್ಲ, ಹುರಿದರೆ ಆ ಘಾಟು ಕಾಡಿನಲ್ಲಿರುವವನ ಕಣ್ಣಿಗೆ ಹೋಗುತ್ತದೆ, ಮನೆಯ ಬಾಗಿಲಿಗೆ ಚಿಲಕ ಹಾಕುವುದಿಲ್ಲ, ಹಾಕಿದರೆ ಅವನು ವಾಪಸು ಬರುವ ದಾರಿ ಮುಚ್ಚಿಹೋಗುತ್ತದೆ ಎಂದೆಲ್ಲ ಹೇಳಿದೆ. ಜೇನಿನವರ ಹೆಂಡಿರಿಗೆ ಸರಿ, ನಾನು ಲಾಂಚಿನ ಮೇಲೆ ಕುರ್ಚಿ ಹಾಕಿಕೊಂಡು ಕೂರುವ ಗೈಡು, ಆದರೂ ಬಾಗ್‌ಬಜಾರಿನ ಗಲ್ಲಿಯಲ್ಲಿ, ಟ್ರಾಮಿನ ಗಂಟೆ ಕೇಳುವ ಮನೆಯಲ್ಲಿ, ನನ್ನ ಹೆಂಡತಿ ಪ್ರತಿ ಚಳಿಗಾಲ ಕಾಗೆಗೂಡಿನಂಥ ತಲೆ ಹೊತ್ತು ಬಾಗಿಲು ತೆರೆದಿಟ್ಟು ಕೂರುತ್ತಾಳೆ ಎಂದೆ. ಒಮ್ಮೆ ಕಳ್ಳ ನುಗ್ಗಿ ನನ್ನ ಹೊಸ ಛತ್ರಿ ಹೊತ್ತುಕೊಂಡು ಹೋದದ್ದು ಹೇಳಿದೆ. "ಛತ್ರಿ ಹೋಯ್ತು, ನೀವು ಬಂದ್ರಿ. ನಿಮಗೆ ಯಾವ್ದು ಬೇಕಿತ್ತು?" ಎಂದು ನೀನು ಕೇಳಿದ್ದು ಹೇಳಿದೆ. "ಛತ್ರಿ ಹೊಸದಾಗಿತ್ತು" ಎಂದು ನಾನು ಹೇಳಿದ್ದೂ ಹೇಳಿದೆ. ಬಸ್ಸು ಬಿದ್ದು ಬಿದ್ದು ನಕ್ಕಿತು. ಡ್ರೈವರ್ ಲಖೀಂದರ್ ಎಷ್ಟು ಸಲ ಕೇಳಿದ್ದರೂ ಛತ್ರಿಯ ಜಾಗದಲ್ಲಿ ಇವತ್ತೂ ಸ್ಟೇರಿಂಗ್ ಬಿಟ್ಟು ಚಪ್ಪಾಳೆ ಹೊಡೆದ.

ನಗು ಇಳಿದ ಮೇಲೆ ಮಿಸ್ ಥ್ರೇಲ್ ಮುಂದಿನ ಸೀಟಿನಿಂದ ಹಿಂತಿರುಗಿ, "ಹಾಗಾದ್ರೆ ಇವತ್ತು ಅವರು ತಲೆ ಬಾಚ್ಕೊಂಡಿಲ್ಲ, ಅಲ್ವಾ?" ಎಂದಳು.

ನೋಡು, ಅದರಲ್ಲಿ ತಮಾಷೆ ಏನೂ ಇರಲಿಲ್ಲ. ಭೂಗೋಳದ ಮೇಷ್ಟರು ನದಿ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದ ಹಾಗೆ ಕೇಳಿದಳು. ನಾನು ಬಾಯಿ ತೆರೆದೆ. ಈ ಸಲ ಹಲ್ಲೂ ಇತ್ತು. ಆದರೆ ನನ್ನ ಕಣ್ಣ ಮುಂದೆ ನೀನು ಟುಕುವಿನ ಮನೆಯ ಹಿಂದಿನ ಮೆಟ್ಟಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಅಂಗೈಯಲ್ಲಿ ಕೊಬ್ಬರಿ ಎಣ್ಣೆ ಸುರಿದುಕೊಂಡು, ಯಾವ ಚಿಂತೆಯೂ ಇಲ್ಲದೆ ತಲೆಗೆ ತಟ್ಟಿಕೊಳ್ಳುತ್ತಿದ್ದೆ. ಆಮೇಲೆ ಬಾಚಿದೆ. ಆಮೇಲೆ ಒಳಗೆ ಹೋಗಿ ಬೇಳೆಗೆ ಒಗ್ಗರಣೆ ಹಾಕಿದೆ, ಮೆಣಸಿನಕಾಯಿ ಚಟಪಟ ಎಂದಿತು. ನಾನು "ಹ್ಞೂ" ಎಂದೆ. ಬಾಚಿಕೊಂಡಿಲ್ಲ ಎಂದೋ ಬಾಚಿಕೊಂಡಿದ್ದಾಳೆ ಎಂದೋ ಅವಳಿಗೆ ಗೊತ್ತಾಗಲಿಲ್ಲ. ಅಷ್ಟು ಸಣ್ಣ ಹ್ಞೂ. ಹಾದಿಯುದ್ದಕ್ಕೂ ಆಮೇಲೆ ನಾನು ಒಂದೂ ಕಥೆ ಹೇಳಲಿಲ್ಲ, ಎಲ್ಲರೂ ತೂಕಡಿಸಿದರು.

ಕಣ್ಣಿಗೆ ಘಾಟು ಬಂದ ಹಾಗಾಯಿತು ಎಂದು ಬರೆದರೆ ನೀನು ನಗುತ್ತೀಯ. ಲಖೀಂದರನ ಬೀಡಿಯ ಹೊಗೆ ಇರಬೇಕು.

ಗೋಸಾಬಾಕ್ಕೆ ಬಂದದ್ದು ಊಟದ ಹೊತ್ತಿಗೆ. ನದಿ ದಾಟುವಾಗ ಮೆಟ್ಟಿಲ ಮೇಲಿನ ಕೆಸರಿನಲ್ಲಿ ಮೂವರು ಸಾಹೇಬರು ಕುಂಡೆಯೂರಿ ಕೂತರು, ಅದು ಎಂದಿನದೇ. ಕಾಯಿಹಾಲಿನ ಸೀಗಡಿ, ಪಾರ್ಶೆ ಮೀನಿನ ಸಾರು, ಬದನೆಕಾಯಿ ಬಜ್ಜಿ. ನಾನು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ, ಅಡುಗೆಯವನು ಮೈ ಮುಟ್ಟಿ ನೋಡಿದ. ಸಂಜೆ ಚಹಾದ ಹೊತ್ತಿಗೆ ಕಾಸಿಂ ಬಂದ. ಗಡ್ಡ ಪೂರ್ತಿ ಬೆಳ್ಳಗಾಗಿದೆ, ಬೌದಿಗೆ ಸಲಾಂ ಹೇಳಿ ಎಂದು ನಿನ್ನನ್ನು ನೆನೆದಿದ್ದಾನೆ. ಬಂದವನೇ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ತನ್ನ ಪ್ರಶ್ನೆ ಶುರುಮಾಡಿದ. ಅವನ ಲಾಂಚಿನ ಪದ್ಧತಿ ನಿನಗೆ ಗೊತ್ತಲ್ಲ. ಅವನಪ್ಪನ ಕಾಲದಿಂದ ಬಂದದ್ದು, ಲಾಟ್ ಸಾಹೇಬನೇ ಬಂದರೂ ಬಿಡುವುದಿಲ್ಲ. ಹತ್ತುವ ಒಬ್ಬೊಬ್ಬರನ್ನೂ "ಮನೇಲಿ ಗೊತ್ತಾ?" ಎಂದು ಕೇಳುತ್ತಾನೆ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವುದು.

ಕ್ಯಾಮೆರಾ ಬಿಟ್ಟ ಸಾಹೇಬ, ಮನೆಯವಳೇ ಪಕ್ಕದಲ್ಲಿದ್ದಾಳೆ, ಗೊತ್ತಿಲ್ಲದೆ ಇರುತ್ತದೆಯೇ ಎಂದ. ಇನ್ನೊಬ್ಬ ತನ್ನ ತಾಯಿಗೆ ಗೊತ್ತು, ಅವಳಿಗೆ ಇಷ್ಟವಿಲ್ಲ ಎಂದ. "ಇಷ್ಟ ಬೇಡ, ಗೊತ್ತಿದ್ರೆ ಸಾಕು" ಎಂದ ಕಾಸಿಂ. ಮಿಸ್ ಥ್ರೇಲ್ ಸರದಿ ಬಂದಾಗ ಅವಳು ಸ್ವಲ್ಪ ಯೋಚಿಸಿ, "ನಂಗೆ ಮನೇಲಿ ಯಾರೂ ಇಲ್ಲ. ಒಂದು ಬೆಕ್ಕಿದೆ. ಅದಕ್ಕೆ ಹೇಳಿ ಬಂದಿದೀನಿ" ಎಂದಳು. ಇದು ಅವಳ ಇನ್ನೊಂದು ಚೇಷ್ಟೆ ಎಂದುಕೊಂಡೆ. ಮುಖ ನೋಡಿದರೆ ಅಲ್ಲ. ಕಾಸಿಂ ಗಡ್ಡ ನೀವಿಕೊಂಡ. "ಬೆಕ್ಕು ನಮ್ಮ ಮಾಮಾನಿಗೆ ಚಿಕ್ಕಮ್ಮ ಆಗಬೇಕು. ಮನೆಯವರಿಗಿಂತ ಹತ್ತಿರದ ಸಂಬಂಧ. ನಡೆಯತ್ತೆ, ಹತ್ತಲಿ" ಎಂದ. ನಾನು ತಿರುಗಿಸಿ ಹೇಳಿದಾಗ ಅವಳು ಎದ್ದು ನಿಂತು ಅವನ ಕೈ ಕುಲುಕಿದಳು.

ಕೊನೆಗೆ ನನ್ನ ಕಡೆ ತಿರುಗಿದ. ಪ್ರತಿ ವರ್ಷ ನಾನು ಏನಾದರೊಂದು ಚೇಷ್ಟೆಯ ಉತ್ತರ ಕೊಡುತ್ತೇನೆ, ಅವನು ಕಾದಿರುತ್ತಾನೆ. ಈ ಸಲ "ಗೊತ್ತಿಲ್ದೇ ಏನು, ಅವಳೇ ಕಳ್ಸಿದ್ದು" ಎಂದು ಡಬ್ಬಿ ಮುಂದಿಟ್ಟೆ. ನಿನ್ನ ಅದೇ ಹಳೆಯ ಹಿತ್ತಾಳೆ ಡಬ್ಬಿ. ಪ್ರತಿ ಟೂರಿಗೂ ನೀನು ಲಾಂಚಿನವರಿಗೆಂದು ಕೊಬ್ಬರಿ ಉಂಡೆ ಮಾಡಿ ತುಂಬಿ ಕೊಡುತ್ತಿದ್ದೆಯಲ್ಲ, ಬರಿಗೈಯಲ್ಲಿ ಹೋದರೆ ಅನುಮಾನ ಬರುತ್ತದೆ ಎಂದು ಬಾಗ್‌ಬಜಾರಿನ ಮಿಠಾಯಿ ಅಂಗಡಿಯಿಂದ ಉಂಡೆ ತಂದು, ಪೊಟ್ಟಣ ಬಿಸಾಕಿ, ನಿನ್ನ ಡಬ್ಬಿಗೆ ತುಂಬಿದ್ದೆ. ಒಂದೆರಡನ್ನು ಸೊಟ್ಟಗೆ ಅಮುಕಿಯೂ ಇದ್ದೆ, ನಿನ್ನ ಕೈಯವು ಹಾಗಿರುತ್ತವೆ. ಇಷ್ಟು ವರ್ಷದ ಚೇಷ್ಟೆಯ ಅನುಭವವೆಲ್ಲ ಆ ಡಬ್ಬಿಯೊಳಗಿತ್ತು.

ಕಾಸಿಂ ಒಂದು ಉಂಡೆ ಬಾಯಿಗಿಟ್ಟ. ಕಣ್ಣು ಮುಚ್ಚಿ ಅಗಿದ. ಅಗಿಯುತ್ತಲೇ ಇದ್ದ. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ, ನನ್ನ ಮಡಿಲಲ್ಲಿಟ್ಟ. "ದಾದಾ, ಇದ್ರಲ್ಲಿ ಪಚ್ಚಕರ್ಪೂರ ಇಲ್ಲ" ಎಂದ.

ನಾನು, ಈ ಸಲ ಮರೆತಿರಬೇಕು ಎಂದೆ. "ಬೌದಿ ಉಪ್ಪು ಮರೀಬಹುದು, ನಿಮ್ಮನ್ನೂ ಮರೀಬಹುದು, ಕರ್ಪೂರ ಮರೆಯಲ್ಲ" ಎಂದ. ಕರ್ಪೂರದ ಬೆಲೆ ಏರಿದೆ ಎಂದೆ. ನಕ್ಕ. ನಗುತ್ತಲೇ, "ಬೌದಿಗೆ ಗೊತ್ತಿಲ್ಲ" ಎಂದ. ಆಮೇಲೆ ನಗಲಿಲ್ಲ. "ಕೇಳಿ ದಾದಾ. ಅತಿಥಿಗಳನ್ನ ನಾಳೆ ನಾನು ಕರ್ಕೊಂಡು ಹೋಗ್ತೀನಿ, ಅವರ ದುಡ್ಡು ಹಾಳಾಗಲ್ಲ, ನನ್ನ ಮಗನಿಗೂ ಒಂದಿಷ್ಟು ಇಂಗ್ಲಿಷ್ ಬರತ್ತೆ. ನೀವು ಈ ಕಟ್ಟೆ ಮೇಲೇ ಕೂತಿರಿ. ಇಲ್ಲಾ, ಮನೆಗೆ ತಿಳಿಸಿ. ನನ್ನ ಹೆಂಡ್ತಿ ಇವತ್ತೇ ಎಣ್ಣೆ ಸೀಸೆ ಎತ್ತಿಟ್ಟಿದಾಳೆ. ಅವಳು ನನ್ನೊಬ್ಬನಿಗೋಸ್ಕರ ತಲೆ ಕೆದರ್ಕೊಂಡು ಕೂರ್ತಾಳೆ. ನಿಮಗೂ ಸೇರಿಸಿ ಕೂರೋಕೆ ಅವಳೇನು ನಿಮ್ಮತ್ತೆ ಮಗಳಾ?" ಎಂದ. ಅಂಗಳದಲ್ಲಿದ್ದವರೆಲ್ಲ ನಕ್ಕರು. ಇಂಗ್ಲಿಷಿಗೆ ತಿರುಗಿಸಿ ಎಂದು ಅತಿಥಿಗಳು ಕೇಳಿದರು. ನಾನು ತಿರುಗಿಸಲಿಲ್ಲ. ಮಿಸ್ ಥ್ರೇಲ್ ಮಾತ್ರ ಕೇಳಲೂ ಇಲ್ಲ, ಚಹಾದ ಬಟ್ಟಲಿನ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು. ಭಾಷೆ ಬಾರದೆಯೂ ಅವಳಿಗೆ ಎಲ್ಲ ತಿಳಿದ ಹಾಗಿತ್ತು. ಎದ್ದು ಬಂದು ತನ್ನ ಚೀಲದಿಂದ ಈ ಕಾಗದವನ್ನೂ ಪೆನ್ನನ್ನೂ ತೆಗೆದು ನನ್ನ ಮುಂದಿಟ್ಟು ಹೋದಳು. ಅದಕ್ಕೇ ಕಾಗದ ಇಷ್ಟು ನುಣುಪಾಗಿದೆ, ವಿಲಾಯತಿಯದು. ಶಾಯಿ ನೇರಳೆ ಬಣ್ಣದ್ದು, ನನ್ನ ರುಚಿ ಕೆಟ್ಟಿತು ಎಂದುಕೊಳ್ಳಬೇಡ.

ಫೋನು ಮಾಡಬಹುದಿತ್ತು. ಆದರೆ ಇಲ್ಲಿಯ ಪೋಸ್ಟಾಫೀಸಿನ ಫೋನು ದುರ್ಗಾಪೂಜೆಯ ಬಿರುಗಾಳಿಗೆ ಪ್ರಾಣ ಬಿಟ್ಟದ್ದು ಇನ್ನೂ ಎದ್ದಿಲ್ಲ. ಎದ್ದಿದ್ದರೂ ಅಳಿಯನ ಗಣಿ ಆಫೀಸಿಗೆ ಮಾಡಬೇಕು, ಅಲ್ಲಿ ಹೆಡ್ ಗುಮಾಸ್ತರು ಎತ್ತುತ್ತಾರೆ. ನಿನ್ನ ತಲೆಕೂದಲಿನ ಸಮಾಚಾರವನ್ನು ಅವರ ಕಿವಿಗೆ ಹೇಗೆ ಹಾಕಲಿ? ದೇವರು ದೊಡ್ಡವನು, ಲಖೀಂದರನ ಮನೆ ಆಸನ್ಸೋಲು. ನಾವು ಕಾಡಿನಲ್ಲಿರುವ ಮೂರು ದಿನ ಅವನಿಗೆ ಕೆಲಸವಿಲ್ಲ, ಬಸ್ಸನ್ನು ಆಚೆ ದಡದಲ್ಲಿ ನಿಲ್ಲಿಸಿ ಇವತ್ತೇ ಮನೆಗೆ ಹೊರಟಿದ್ದಾನೆ. ಕ್ಯಾನಿಂಗಿನಿಂದ ಲೋಕಲ್ಲು, ಹೌರಾದಿಂದ ರಾತ್ರಿಯ ರೈಲು. ನಾಳೆ ನೀನು ಒಲೆ ಹಚ್ಚುವ ಮೊದಲು ಈ ಕಾಗದ ನಿನ್ನ ಕೈಯಲ್ಲಿರುತ್ತದೆ. ಅವನಿಗೆ ಒಂದು ಲೋಟ ಚಹಾ ಕೊಡು. ಛತ್ರಿಯ ಕಥೆ ಹೇಳು ಎಂದು ಕೇಳುತ್ತಾನೆ, ನಿನ್ನ ಬಾಯಿಂದ ಕೇಳುವ ಆಸೆ ಅವನಿಗೆ ಬಹಳ ದಿನದಿಂದ.

ಹೀಗೆ, ಮನೆಗೆ ತಿಳಿಸಿದ್ದಾಯಿತು. ಕಾಸಿಂ ಹೇಳಿದ್ದು ತಿಳಿಸಿ ಎಂದಷ್ಟೇ, ನಾನು ತಿಳಿಸಿದೆ. ನಾಳೆ ಎದೆಯುಬ್ಬಿಸಿ ಲಾಂಚು ಹತ್ತಬಹುದು. ನನ್ನ ಬಗ್ಗೆ ಚಿಂತೆ ಮಾಡಬೇಡ. ಮಾಮಾನಿಗೆ ಈ ವಯಸ್ಸಿನ ಎಲುಬು ಏನು ರುಚಿ? ಕಚ್ಚಿದರೂ ಮೊದಲು ಸಿಗುವುದು ಹಲ್ಲಿನ ಸೆಟ್ಟು, ಅದನ್ನು ನೋಡಿ ಅವನೇ ಓಡುತ್ತಾನೆ. ಸಂಜೆಯ ಹೊತ್ತು ಇಲ್ಲಿ ಬಹಳ ಚೆನ್ನಾಗಿದೆ. ನೀರು ಇಳಿದು ಕೆಸರು ಹೊಳೆಯುತ್ತಿದೆ, ಕೆಂಪು ಏಡಿಗಳು ತಿಂಗಳ ಸಂತೆಗೆ ಬಂದವರ ಹಾಗೆ ಓಡಾಡುತ್ತಿವೆ, ನಿನ್ನ ಊರಿನ ಕಡೆಯಿಂದ ಯಾರದೋ ಮನೆಯ ಶಂಖ ಕೇಳಿಸಿತು. ನಿನ್ನಪ್ಪ ಪ್ರತಿ ಚೈತ್ರದಲ್ಲೂ ಇದೇ ಕಟ್ಟೆಯಿಂದ ಹೋಗಿ ಪ್ರತಿ ಸಲವೂ ಜೇನು ಹೊತ್ತು ಬಂದು, ಕೊನೆಗೆ ತನ್ನ ಹಾಸಿಗೆಯಲ್ಲೇ ಮಲಗಿ, ಮೀನಿನ ಸಾರಿಗೆ ಖಾರ ಸಾಲದು ಎಂದು ಬೈದು ಕಣ್ಣು ಮುಚ್ಚಿದ್ದು ನೆನಪಾಯಿತು. "ಅಪ್ಪನ್ನ ಅಷ್ಟು ಸಲ ವಾಪಸು ತಂದದ್ದು ಯಾರು ಅಂದ್ಕೊಂಡ್ರಿ? ಅಮ್ಮನ ಜಡೆ" ಎಂದು ನೀನು ಹೇಳಿದಾಗಲೆಲ್ಲ, ಹಗ್ಗ ಬೇಕಾದರೆ ದೋಣಿಯಲ್ಲೇ ಇರುತ್ತದಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಇವತ್ತು ಆ ತಮಾಷೆ ಯಾಕೋ ಬಾಯಿಗೆ ಬರುತ್ತಿಲ್ಲ. ಚಳಿ ಇರಬೇಕು.

ಟುಕುವಿಗೂ ಅಳಿಯನಿಗೂ ನನ್ನ ಆಶೀರ್ವಾದ. ಬೀಗರಿಗೆ ನಮಸ್ಕಾರ, ಬೀಗಿತ್ತಿಗೆ ಇನ್ನೂ ದೊಡ್ಡ ನಮಸ್ಕಾರ, ಆಕೆಯೇ ಅಲ್ಲಿ ಲಾಟ್ ಸಾಹೇಬ ಎಂದು ಕೇಳಿದ್ದೇನೆ. ಜಲಧರನ ಎರಡು ಪಾದಕ್ಕೂ ಒಂದೊಂದು ಮುತ್ತು, ಒದ್ದೆಯಿಲ್ಲದಾಗ ಕೊಡು. ನಿನ್ನ ಮಂಡಿಗೆ ಬಿಸಿ ಉಪ್ಪಿನ ಕಾವು ಕೊಡುವುದನ್ನು ಬಿಡಬೇಡ.

ಇತಿ,
ನಿನ್ನ ತಲೆ ತಿಂದು ಬದುಕುವ
ನಿಕುಂಜ

ಮರೆತ ಮಾತು: ಲಖೀಂದರ್ ಕಟ್ಟೆಯ ತುದಿಯಿಂದ ಕೂಗುತ್ತಿದ್ದಾನೆ, ಆಚೆ ದಡದ ಕೊನೆಯ ದೋಣಿ ಹೊರಟಿದೆ. ಬೇಗ ಬರೆಯುತ್ತೇನೆ. ಮೇಲೆ ಬರೆದದ್ದೆಲ್ಲ ಸುತ್ತಿ ಬಳಸಿದ್ದು. ನಾಳೆಯಿಂದ ಸೋಮವಾರ ಸಂಜೆಯವರೆಗೆ ತಲೆಗೆ ಎಣ್ಣೆ ಹಚ್ಚಬೇಡ ಪಾರುಲ್. ಬಾಚಬೇಡ. ಹೆಸರು ಹಿಡಿದು ಕರೆದೆ, ಬಂದು ಬೈಸಿಕೊಳ್ಳುತ್ತೇನೆ. ಮೆಣಸಿನಕಾಯಿ ಹುರಿಯಬೇಡ, ಬಾಣಂತಿ ಮನೆ, ಹೇಗೂ ಯಾರೂ ಕೇಳುವುದಿಲ್ಲ. ಮಾತಿಗೆ ತಪ್ಪಿದವನಿಗೆ ಇದೆಲ್ಲ ಯಾಕೆ ಎಂದು ಸಿಟ್ಟು ಬಂದರೆ ಅದೂ ನ್ಯಾಯವೇ, ಆದರೆ ಸಿಟ್ಟನ್ನು ಮಂಗಳವಾರಕ್ಕೆ ಇಟ್ಟುಕೋ. ಡಬ್ಬಿಯನ್ನು ತೊಳೆದು ಖಾಲಿ ಕಳಿಸಿದ್ದೇನೆ. ಲಖೀಂದರ್ ಸೋಮವಾರ ಬೆಳಿಗ್ಗೆ ಇಲ್ಲಿಗೆ ಹೊರಡುತ್ತಾನೆ. ಅವನ ಕೈಯ ಡಬ್ಬಿಯಲ್ಲಿ ಕರ್ಪೂರದ ವಾಸನೆ ಇದ್ದರೆ ನನಗೆ ಕಟ್ಟೆ ಹತ್ತುವಾಗಲೇ ತಿಳಿಯುತ್ತದೆ. ಅವತ್ತೇ ರಾತ್ರಿಯ ರೈಲಿಗೆ ನಾನೂ ಆಸನ್ಸೋಲಿಗೆ ಹೊರಡುತ್ತೇನೆ. ಬಾಗಿಲ ಚಿಲಕ ಹಾಕಬೇಡ. ಯಾಕೆ ಎಂದು ಅಳಿಯ ಕೇಳಿದರೆ, ಮಾವ ಬರುವವರಿದ್ದಾರೆ ಎನ್ನು.